ಕಿಟಕಿ ಪಕ್ಕದ ಕುರ್ಚಿ

“ಮಂಡಿ ನೋವು ಈಗ ಹೇಗಿದೆಯಮ್ಮಾ?”

ಬಾಗಿಲು ತೆರೆದ ಲಾಡ್ಜಿನ ಅಜ್ಜಿ ಕೇಳಿದ ಮೊದಲ ಮಾತೇ ಅದು. ಕನ್ನಡಕದಂಗಡಿಯವರು ಸೂಟ್‌ಕೇಸು ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟರು. ಮಂಡಿ ನೋವಿದ್ದದ್ದು ಅವರ ಮೊದಲ ಹೆಂಡತಿಗೆ. ಆಕೆ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಈಗ ಪಕ್ಕದಲ್ಲಿ ಶಾಲು ಹೊದ್ದು ನಿಂತಿದ್ದವರು ನರ್ಸಮ್ಮ. ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು, ಅವರೂ ಗಂಡನನ್ನು ಕಳೆದುಕೊಂಡವರು. ಇಬ್ಬರೂ ಈ ವಯಸ್ಸಿನಲ್ಲಿ ಮದುವೆಯಾಗಿ ಇನ್ನೂ ಹೊಸತು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ ಎಂದು ಅಂಗಡಿಯವರಿಗೆ ಒಂದೇ ನೋಟಕ್ಕೆ ತಿಳಿಯಿತು. ತಪ್ಪು ತಿದ್ದಲೆಂದು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮನೇ ಉತ್ತರ ಕೊಟ್ಟಾಗಿತ್ತು.

“ಈಗ ನೋವಿಲ್ಲಮ್ಮ. ಪೂರ್ತಿ ಹೋಯ್ತು.”

ಅಜ್ಜಿ ಸಮಾಧಾನಪಟ್ಟುಕೊಂಡು ಬೀಗದಕೈ ತಡಕಿ ತೆಗೆದರು. ಮೇಲಿನ ಕೋಣೆಯನ್ನೇ ಕೊಡುತ್ತೇನೆ, ಈ ಚಳಿಯಲ್ಲಿ ನಿಮ್ಮನ್ನು ಬಿಟ್ಟರೆ ಈ ಊರಿಗೆ ಬರುವವರಾದರೂ ಯಾರು ಎಂದರು. ಇಬ್ಬರೂ ಮೆಟ್ಟಿಲು ಹತ್ತಿದರು.

ಮೊದಲ ಹೆಂಡತಿಯೊಡನೆ ಇಲ್ಲಿಗೆ ಬರುತ್ತಿದ್ದುದನ್ನು ಅಂಗಡಿಯವರು ಬೇಕೆಂದು ಮುಚ್ಚಿಟ್ಟದ್ದಲ್ಲ. ಸಮುದ್ರವನ್ನು ಹತ್ತಿರದಿಂದ ನೋಡಿಯೇ ಇಲ್ಲ ಎಂದು ನರ್ಸಮ್ಮ ಒಮ್ಮೆ ಅಂದಿದ್ದರು. ಶನಿವಾರ ಭಾನುವಾರ ಹೋಗಿ ಬರೋಣ, ನನಗೆ ಗೊತ್ತಿರುವ ಊರೊಂದಿದೆ ಎಂದು ಇವರು ಹುರುಪಿನಲ್ಲಿ ಹೇಳಿಬಿಟ್ಟಿದ್ದರು. ಹೇಗೆ ಗೊತ್ತು ಎಂದು ಆಕೆ ಕೇಳಲಿಲ್ಲ, ಇವರು ಹೇಳಲಿಲ್ಲ. ಈಗ ಮಾತು ಶುರುಮಾಡುವುದಕ್ಕೂ ತೊಡಕು. ಮದುವೆಗೆ ಮುಂಚೆ ಬೀದಿಯವರೆಲ್ಲರಂತೆ ಇವರೂ ಆಕೆಯನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಮದುವೆಯ ಮಾರನೆಯ ದಿನವೂ ಬಾಯಿತಪ್ಪಿ ಹಾಗೇ ಕರೆದು, ನಾದಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ಅದನ್ನು ಬಿಟ್ಟಿದ್ದರು. ಬೇರೆ ಯಾವ ಹೆಸರೂ ಇನ್ನೂ ನಾಲಿಗೆಗೆ ಹೊಂದಿರಲಿಲ್ಲ. ಹಾಗಾಗಿ ಗಂಟಲು ಸರಿಮಾಡಿಕೊಂಡರು.

“ನಾನು ಮೊದಲೇ ಹೇಳ್ಬೇಕಿತ್ತು.”

“ಬಸ್ಸಲ್ಲೇ ಗೊತ್ತಾಯ್ತು ಬಿಡಿ. ತಿರುವು ಬರೋಕೆ ಮೊದಲೇ ನೀವು ಸಮುದ್ರ ನೋಡೋಕೆ ಕತ್ತು ತಿರುಗಿಸಿದ್ರಿ.”

ಕೋಣೆಯಲ್ಲಿ ಕಬ್ಬಿಣದ ಮಂಚ, ನುಸಿಗುಳಿಗೆಯ ವಾಸನೆಯ ರಗ್ಗು, ಕಿಟಕಿಯ ಬಳಿ ಎರಡು ಬೆತ್ತದ ಕುರ್ಚಿ. ಹೊರಗೆ ಅಂಗಡಿಗಳ ಷಟರ್ ಎಳೆದಿತ್ತು, ಮರಳಿನ ಮೇಲೆ ದೋಣಿಗಳು ಬೋರಲು ಬಿದ್ದಿದ್ದವು. ಮೊದಲ ಹೆಂಡತಿ ಯಾವುದರಲ್ಲಿ ಕೂರುತ್ತಿದ್ದರು ಎಂದು ನರ್ಸಮ್ಮ ಕೇಳಿದರು. ಅಂಗಡಿಯವರು ಎಡಗಡೆಯದನ್ನು ತೋರಿಸಿದರು. ನರ್ಸಮ್ಮ ಹೋಗಿ ಬಲಗಡೆಯದರಲ್ಲಿ ಕೂತರು. ಉಳಿದದ್ದು ಒಂದೇ. ಅಂಗಡಿಯವರು ಸ್ವಲ್ಪ ಹೊತ್ತು ನಿಂತಿದ್ದು, ಕೊನೆಗೆ ಅದರಲ್ಲೇ ಕೂತರು.

ಅಷ್ಟು ಚಳಿಗಾಲ ಇಲ್ಲಿಗೆ ಬಂದಿದ್ದರೂ ಆ ಕುರ್ಚಿಯಲ್ಲಿ ಅವರು ಒಮ್ಮೆಯೂ ಕೂತವರಲ್ಲ. ಹೆಂಡತಿ ಬಿಟ್ಟುಕೊಡುತ್ತಿರಲಿಲ್ಲ. ಸಮುದ್ರವೇನು ನಿನ್ನ ಅಪ್ಪನ ಮನೆಯದಾ ಎಂದು ಛೇಡಿಸಿದರೆ, ಈ ಜಾಗ ನಂದು ಎಂದಷ್ಟೇ ಹೇಳಿ ನಗುತ್ತಿದ್ದಳು.

ಈಗ ಕೂತು ನೋಡಿದರೆ ಅಲ್ಲಿಂದ ಸಮುದ್ರವೇ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಹಳೆಯ ನೀರಿನ ಟ್ಯಾಂಕು ಅಡ್ಡವಿತ್ತು. ಕಾಣುತ್ತಿದ್ದದ್ದು ಒಂದು ಓಣಿ, ಅದರ ತುದಿಗೆ ಚಹಾದಂಗಡಿ. ದಿನಾ ಬೆಳಿಗ್ಗೆ ಫ್ಲಾಸ್ಕು ಹಿಡಿದು ಅವರು ಹೋಗಿಬರುತ್ತಿದ್ದ ದಾರಿ. ಒಂದು ಸಲ ಆ ಓಣಿಯಲ್ಲಿ ಜಾರಿ ಬಿದ್ದು, ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ಕಣ್ಣಾಡಿಸಿ, ಪ್ಯಾಂಟು ಕೊಡವಿಕೊಂಡು ಏನೂ ಆಗದವರಂತೆ ಮೇಲೆ ಬಂದಿದ್ದರು. ಹೆಂಡತಿ ಇತ್ತ ತಿರುಗದೆಯೇ, ಪೆಟ್ಟಾಯ್ತಾ ಎಂದು ಕೇಳಿದ್ದಳು. ಅವಳಿಗೆ ಹೇಗೆ ತಿಳಿಯಿತೆಂದು ಅಂದು ಅವರು ಯೋಚಿಸಿಯೂ ಇರಲಿಲ್ಲ.

ಅಂಗಡಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಎಲ್ಲವನ್ನೂ ನರ್ಸಮ್ಮನಿಗೆ ಹೇಳಿದರು. ಆಕೆ ಎದ್ದು ಬಂದು, ಅವರ ಹೆಗಲ ಹಿಂದೆ ಬಗ್ಗಿ, ಆ ಓಣಿಯನ್ನು ತುದಿಯವರೆಗೂ ನೋಡಿದರು.

ಇನ್ನೊಂದು ರಗ್ಗು ಕೇಳುವ ನೆಪದಲ್ಲಿ ಅಂಗಡಿಯವರು ಕೆಳಗಿಳಿದರು. ಅಜ್ಜಿಗೆ ನಿಜ ಹೇಳಿಬಿಡಬೇಕು, ಸತ್ತವಳ ಜಾಗದಲ್ಲಿ ಬದುಕಿರುವವರನ್ನು ನಿಲ್ಲಿಸುವುದು ಇಬ್ಬರಿಗೂ ಮಾಡುವ ಅನ್ಯಾಯ ಎಂದು ಗಟ್ಟಿಮಾಡಿಕೊಂಡೇ ಹೋದರು. ಅಜ್ಜಿ ಆಗಲೇ ಒಂದು ರಗ್ಗು ತೆಗೆದಿಟ್ಟು ಕೈಯಲ್ಲಿ ಸವರುತ್ತಾ ಕೂತಿದ್ದರು.

“ಪ್ರತಿ ಚಳಿಗಾಲ ನೆನಸ್ಕೊಳ್ತಿದ್ದೆ. ನಿಮ್ಮಲ್ಲಿ ಒಬ್ಬರೇ ಬಂದ್ಬಿಟ್ರೆ ಬಾಗಿಲು ಹೇಗೆ ತೆಗೀಲಿ ಅಂತ ಭಯ ಇತ್ತು. ಇಬ್ಬರೂ ಬಂದ್ರಲ್ಲ.”

ಅಂಗಡಿಯವರು ರಗ್ಗು ತೆಗೆದುಕೊಂಡು ಮೇಲೆ ಬಂದರು.

ಬೆಳಕು ಇಳಿಯುವ ಹೊತ್ತಿಗೆ ನರ್ಸಮ್ಮ ತಾವಾಗಿ ಮಾತು ತೆಗೆದರು. ಅವರ ಮೊದಲ ಗಂಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಊರವರಂತೆ ಆಕೆಯೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ರಜೆ ಬಂತೆಂದರೆ ಮೇಷ್ಟ್ರು ಹೆಂಡತಿಯನ್ನು ಬೆಟ್ಟದ ಮೇಲಿನ ಒಂದು ಊರಿಗೆ ಕರೆದೊಯ್ಯುತ್ತಿದ್ದರಂತೆ. ಇಡೀ ದಿನ ಮಂಜು, ಎದುರು ಬಂದವರ ಮುಖವೂ ಕಾಣದಷ್ಟು ಮಂಜು. ಮೇಷ್ಟ್ರು ತೀರಿಕೊಂಡ ಮೇಲೆ ಆಕೆಗೆ ಒಬ್ಬರೇ ಅಲ್ಲಿಗೆ ಹೋಗಲು ಧೈರ್ಯ ಬಂದಿರಲಿಲ್ಲ.

“ಮುಂದಿನ ಚಳಿಗಾಲ ಅಲ್ಲಿಗೆ ಹೋಗೋಣ,” ಎಂದರು ಅಂಗಡಿಯವರು.

ನರ್ಸಮ್ಮ ರಗ್ಗಿನ ಅಂಚನ್ನು ಅವರ ಕಾಲ ಮೇಲೂ ಎಳೆದು ಹೊದಿಸಿದರು.

“ಅಲ್ಲಿ ಯಾರಾದ್ರೂ ಮೇಷ್ಟ್ರೇ ಅಂತ ಕೂಗಿದ್ರೆ, ಓ ಅನ್ನಿ.”