ದಡದ ದನಿ

ಟೈಲರಮ್ಮ ಕೆರೆಯ ನಡುವಿದ್ದಾಗ ದಡದ ಹಾಡು ಗಕ್ಕನೆ ನಿಂತುಹೋಯಿತು. ಇದ್ದಲ್ಲೇ ಕೈಕಾಲು ಬಡಿಯುತ್ತಾ ಸುತ್ತ ನೋಡಿದಳು. ಕನ್ನಡಕವಿಲ್ಲದ ಕಣ್ಣಿಗೆ ನಾಲ್ಕೂ ಕಡೆ ಒಂದೇ ಹಸಿರು. ಮೆಟ್ಟಿಲು ಎತ್ತ, ಜೊಂಡು ಬೆಳೆದ ಕೆಸರು ಎತ್ತ, ಒಂದೂ ತಿಳಿಯಲಿಲ್ಲ.

ಹೊಲಿದು ಹೊಲಿದೇ ಹಾಳಾದ ಕಣ್ಣು. ಗಂಡ ಇದ್ದಷ್ಟು ದಿನ ಅದರ ಚಿಂತೆಯಿರಲಿಲ್ಲ. ಆತ ಮೆಟ್ಟಿಲ ಮೇಲೆ ಕೂತು, "ಸಾಕು ಬಾರೇ, ಮೀನು ಹೆದರ್ಕೊಂಡು ಸಾಯ್ತವೆ," ಎಂದು ಬಾಯಿ ಮುಚ್ಚದೆ ರೇಗಿಸುತ್ತಿದ್ದ. ಆ ದನಿ ಹಿಡಿದು ಇವಳು ದಡ ಸೇರುತ್ತಿದ್ದಳು. ಆತ ಹೋದ ಮೇಲೆ ಈ ಸ್ಪೀಕರ್ ಬಂತು. ನೀರು ಬಿದ್ದರೂ ಕೆಡುವುದಿಲ್ಲ ಎಂದಿದ್ದ ಅಂಗಡಿಯವನು. ಅದನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಜೋರಾಗಿ ಹಾಡು ಹಾಕಿ ನೀರಿಗಿಳಿಯುತ್ತಿದ್ದಳು. ಹಾಡು ಯಾವುದಾದರೇನು, ದಿಕ್ಕು ತಿಳಿದರೆ ಸಾಕು.

"ಯಾರ್ರೀ ಅದು, ಹಾಡು ನಿಲ್ಸಿದ್ದು?"

"ನಾನೇ! ಇದೇನು ಕೆರೆನೋ ಸಂತೆನೋ? ನಾಲ್ಕು ಜನ ನೆಮ್ಮದಿಯಾಗಿ ಓಡಾಡೋ ಜಾಗ. ನಿಮ್ಮ ಹಾಡು ಊರೆಲ್ಲಾ ಯಾಕೆ ಕೇಳ್ಬೇಕು?"

ಹೆಡ್‌ಮಾಸ್ತರರ ದನಿ. ದಿನಾ ಕೆರೆ ಸುತ್ತುವವರು. ಅವಳು ಆ ಕಡೆ ತಿರುಗಿ ನಾಲ್ಕು ಕೈ ಹಾಕುವಷ್ಟರಲ್ಲಿ ಅವರು ಸುಮ್ಮನಾದರು. ಮತ್ತೆ ದಿಕ್ಕು ತಪ್ಪಿತು. ಒಂದು ಗುಟುಕು ನೀರು ಒಳಗೆ ಹೋಯಿತು.

"ಮೇಷ್ಟ್ರೇ, ನಿಲ್ಲಿಸ್ಬೇಡಿ! ಬಯ್ತಾ ಇರಿ! ನಂಗೆ ದಡ ಕಾಣಿಸ್ತಿಲ್ಲ!"

ಜೀವಮಾನವಿಡೀ ಬಯ್ದು ಅನ್ನ ತಿಂದ ಮನುಷ್ಯ, ಈಗ ಬಯ್ಯಿರಿ ಎಂದರೆ ಬಾಯೇ ಒಣಗಿತು. ಸ್ಪೀಕರಿನ ಗುಂಡಿ ಒತ್ತಿದರೆ ಅದು ಕುಂಯ್ ಎಂದು ಸುಮ್ಮನಾಯಿತು. ಕೊನೆಗೆ ಎದ್ದು ನಿಂತು ಗಟ್ಟಿಯಾಗಿ ಕೂಗಿದರು.

"ಬುದ್ಧಿ ಇದೆಯೇನಮ್ಮಾ ನಿಮ್ಗೆ? ಕಣ್ಣು ಕಾಣ್ದೆ ನೀರಿಗಿಳೀತಾರಾ? ಹೇಳೋರು ಕೇಳೋರು ಯಾರೂ ಇಲ್ವಾ ಮನೇಲಿ?"

"ಇಲ್ಲ! ಹೂಂ, ಮುಂದೆ ಹೇಳಿ!"

"ಅಯ್ಯೋ, ಆ ಕಡೆ ಅಲ್ಲ, ಈ ಕಡೆ! ಹೇಳಿದ್ದು ಒಂದೂ ಕೇಳಲ್ವಲ್ಲ ನೀವು! ಏನಾದ್ರೂ ಆಗಿದ್ರೆ ಏನ್ ಗತಿ?"

ಯಾರಾದರೂ ತನಗೋಸ್ಕರ ಇಷ್ಟು ಸಿಟ್ಟಾಗಿ ಎಷ್ಟು ಕಾಲವಾಗಿತ್ತೋ! ಆ ಭಯದಲ್ಲೂ ಅವಳಿಗೆ ಹಾಯೆನಿಸಿತು. ಬೈಗುಳ ಹಿಡಿದು ಈಜುತ್ತಾ ಈಜುತ್ತಾ ಕೈಗೆ ಕಲ್ಲು ಸಿಕ್ಕಿತು. ಹೆಡ್‌ಮಾಸ್ತರರು ಕೈ ಕೊಟ್ಟು ಮೇಲೆತ್ತಿದರು.

"ತಪ್ಪಾಯ್ತಮ್ಮ. ವಿಷಯ ಗೊತ್ತಿರ್ಲಿಲ್ಲ."

ಟೈಲರಮ್ಮ ಕನ್ನಡಕ ಹಾಕಿಕೊಂಡು ಅವರ ಮುಖವನ್ನೇ ನೋಡಿದಳು. ಕೇಳಲೋ ಬೇಡವೋ ಎಂದು ತಡವರಿಸಿ ಕೇಳಿಯೇ ಬಿಟ್ಟಳು.

"ನಾಳೇನೂ ಬರ್ತೀರಲ್ಲ ಮೇಷ್ಟ್ರೇ?"

"ಬರ್ದೆ ಏನು? ಆದ್ರೆ ನೀವು ಯೋಚ್ನೆ ಮಾಡ್ಬೇಡಿ. ಹಾಡು ಎಷ್ಟು ಜೋರಾಗಿ ಬೇಕಾದ್ರೂ ಹಾಕ್ಕೊಳಿ. ಇನ್ಮೇಲೆ ನಾನು ತುಟಿ ಪಿಟಕ್ ಅನ್ನಲ್ಲ. ಇದು ನನ್ನ ಮಾತು."

ಹೆಡ್‌ಮಾಸ್ತರರು ಕೊಟ್ಟ ಮಾತಿಗೆ ಎಂದೂ ತಪ್ಪಿದವರಲ್ಲ. ಅದು ಟೈಲರಮ್ಮನಿಗೂ ಗೊತ್ತಿತ್ತು.