ಕಯಾಕಿನ ಮೂರನೆಯ ಸೀಳು

ಸುಳ್ಳು ಹೇಳುವುದಕ್ಕೂ ತಲೆ ಬೇಕು. ಬಾಮೈದನಿಗೆ ಅದಿಲ್ಲವೆಂಬುದು, ಕಯಾಕ್ ದೋಣಿಯನ್ನು ಅಂಗಳದಲ್ಲಿ ಬೋರಲು ಹಾಕಿದ ಕೂಡಲೇ ಸರ್ವೇಯರಿಗೆ ಮತ್ತೊಮ್ಮೆ ಖಾತ್ರಿಯಾಯಿತು.

"ಬಂಡೆಗೆ ತಾಗಿಬಿಡ್ತು ಭಾವ," ಎಂದಿದ್ದ ಅವನು. ಬಂಡೆಗೆ ತಾಗಿದ್ದರೆ ಸುತ್ತ ತರಚಿರಬೇಕು. ಇಲ್ಲಿ ನೋಡಿದರೆ ಸೀಟಿನ ಕೆಳಗೆ ಗೇಣುದ್ದದ ಸೀಳು, ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ. ಅಕ್ಕಪಕ್ಕದ ಹಳದಿ ಪ್ಲಾಸ್ಟಿಕ್ಕಿನ ಮೇಲೆ ಒಂದು ಗೀರೂ ಇಲ್ಲ. ಯಾವನೋ ಗೆಳೆಯನಿಗೆ ಕೊಟ್ಟು ಹಾಳು ಮಾಡಿಸಿ, ಪಾಪದ ಬಂಡೆಯ ತಲೆಗೆ ಕಟ್ಟಿದ್ದಾನೆ. ಜೀವಮಾನವಿಡೀ ಜಮೀನು ಅಳೆದ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಾನೆ, ಕನ್ನಡಕ ಮಾರುವವನು.

ಇದು ಮೂರನೆಯ ಸಲ. ಎರವಲು ಒಯ್ಯುವುದು, ಒಡೆದು ತರುವುದು, ತಪ್ಪಾಯ್ತು ಎಂದು ಹಲ್ಲು ಕಿರಿಯುವುದು. ಅದೂ ಪ್ರತಿ ಸಲ ಸರ್ವೇಯರು ಮೀನಿಗೆ ಹೊರಡಬೇಕೆನ್ನುವಾಗಲೇ. ಬೇಸಿಗೆ ಶುರುವಾದಾಗಿನಿಂದ ಅವರು ನೀರಿಗಿಳಿದಿಲ್ಲ. ಹಿನ್ನೀರಿನ ನಟ್ಟನಡುವೆ, ಈ ಮನೆಯವರ ಮಾತು ಕಿವಿಗೆ ಬೀಳದ ಕಡೆ, ಒಬ್ಬರೇ ಗಾಳ ಹಾಕಿ ಕೂರುವುದೊಂದೇ ನಿವೃತ್ತಿಯಲ್ಲಿ ಅವರಿಗೆ ಉಳಿದ ಸುಖ. ನಾಳೆ ಹೋಗಿಯೇ ತೀರುವುದೆಂದು ಹಟ ತೊಟ್ಟಿದ್ದರು.

"ನೀವು ಬಿಡಿ ಭಾವ, ನಾನೇ ಅಂಟು ಹಚ್ಚಿ ಕೊಡ್ತೀನಿ. ಒಂದು ವಾರ ಒಣಗಲಿ."

"ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲ್ಲ. ನಿನ್ನ ತಲೇಲಿ ಮಾತು ಹಿಡಿಯದ ಹಾಗೆ."

ಸೀಳು ಮುಂದಕ್ಕೆ ಓಡದಂತೆ ಅದರ ಎರಡೂ ತುದಿಗೆ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದರು. ಅದೇ ಜಾತಿಯ ಪ್ಲಾಸ್ಟಿಕ್ಕಿನ ಹಳೆಯ ಡ್ರಮ್ಮಿನಿಂದ ಪಟ್ಟಿ ಕತ್ತರಿಸಿದರು. ಇನ್ನು ಬಿಸಿಗಾಳಿ ಊದುವ ಹೀಟ್ ಗನ್ನಿನ ಕೆಲಸ. ಅಂಚೂ ಪಟ್ಟಿಯೂ ಒಟ್ಟಿಗೆ ಮೆತ್ತಗಾಗಿ ಹೊಳಪು ಬಂದ ಗಳಿಗೆಯಲ್ಲಿ ಒತ್ತಬೇಕು. ಸ್ವಲ್ಪ ತಡವಾದರೂ ಸುಟ್ಟು ಹೋಗುತ್ತದೆ.

ಬಾಮೈದ ಅಂಗಡಿಗೆ ಬೀಗ ಹಾಕಿ ಬಂದು, ಬಕೆಟ್ ಮಗುಚಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ. ಗಿರಾಕಿಗಳು ಬದುಕಿಕೊಂಡರು. ಕೆಲಸ ಕಲಿಯುವವನು ಕೈ ನೋಡಬೇಕು. ಈ ಪೆದ್ದ ಭಾವನ ಮುಖವನ್ನೇ ನೋಡುತ್ತಿದ್ದ.

ಪಟ್ಟಿ ಇನ್ನೇನು ಮೆತ್ತಗಾಗಬೇಕು, ಗನ್ನು ಆರಿತ್ತು. ಪಟ್ಟಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಬಾಮೈದನ ಕೈ ಸ್ವಿಚ್ಚಿನ ಮೇಲಿತ್ತು.

"ಯಾಕೋ ಆರಿಸಿದೆ?"

"ಸುಡ್ತಿತ್ತು ಭಾವ."

"ಈಗ ತಾನೇ ಹಿಡಿದೆ. ಅಗ್ಗದ ಗನ್ನು, ಒಂದೇಟಿಗೆ ಬಿಸಿ ಏರಿಸುತ್ತೆ. ಯಾರು ತಂದಿದ್ದು ಇದನ್ನ?"

"ನಾನೇ ಭಾವ."

"ಅದೇ ಅಂದ್ಕೊಂಡೆ."

ಸರ್ವೇಯರ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಟೀ ತಂದ ಹೆಂಡತಿ ಅದನ್ನು ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು.

"ಒಂದ್ಸಲ ಡಾಕ್ಟರಿಗೆ ತೋರಿಸೋಣ ರೀ. ನನಗೋಸ್ಕರ."

"ಬೊಬ್ಬೆಗೆಲ್ಲ ಡಾಕ್ಟರಾ? ತೋರಿಸೋದೇ ಆದ್ರೆ ನಿನ್ನ ತಮ್ಮನ ತಲೆ ತೋರಿಸು."

ಅವಳು ಲೋಟ ಇಟ್ಟಳು. ಅವರು ಎತ್ತಿ ಬಾಯಿಗಿಟ್ಟರೆ ಮೇಲೆ ಕೆನೆ ಕಟ್ಟಿ, ಟೀ ಆರುತ್ತಾ ಬಂದಿತ್ತು. ಅಡುಗೆಮನೆಯಿಂದ ಅಂಗಳಕ್ಕೆ ನಾಲ್ಕು ಹೆಜ್ಜೆ. ಅಷ್ಟು ದೂರ ಬಿಸಿ ಟೀ ತರಲು ಬಾರದ ಮನೆ ಇದು. ಅವರು ಹಾಗೆಂದೇ ಹೇಳಿದರು. ಹೆಂಡತಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಸುಟ್ಟ ಪಟ್ಟಿ ಕೆರೆದು ತೆಗೆದು ಹೊಸದನ್ನು ಕೂಡಿಸಿದ್ದಾಯಿತು. ಅದರ ಮೇಲೆ ಉಕ್ಕಿನ ಜಾಲರಿ ಹುದುಗಿಸಿ, ಇನ್ನೊಂದು ಪದರ ಪ್ಲಾಸ್ಟಿಕ್ ಹೊದಿಸಿದರು. ಬಾಮೈದ ಬಗ್ಗಿ ಬೆರಳಿನಿಂದ ತಟ್ಟಿದ.

"ಎಲ್ಲಾ ಕಡೆ ಹೀಗೇ ಗಟ್ಟಿ ಮಾಡ್ತೀರಾ ಭಾವ?"

"ಸೀಟಿನ ಕೆಳಗೆ ಮಾತ್ರ. ಭಾರ ಬೀಳೋದು ಅಲ್ಲಿ."

"ಮೂತಿ ಕಡೆ?"

"ಅಲ್ಲಿ ಮೊದಲಿನ ಹಾಗೇ ತೆಳು. ನಿನಗ್ಯಾಕೆ ಅದೆಲ್ಲ?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳುವುದು, ಸುಮ್ಮನೆ ಕೂರುವುದು, ಸುಮ್ಮನೆ ಒಡೆಯುವುದು. ಹೆಂಡತಿಯ ತಮ್ಮನೆಂಬ ಒಂದೇ ಕಾರಣಕ್ಕೆ ಸರ್ವೇಯರು ಇವನನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದರು.

ಕೊನೆಗೆ ಪರೀಕ್ಷೆ. ಕಯಾಕನ್ನು ಮಗುಚಿ ಎರಡು ಹಳೆಯ ಟೈರುಗಳ ಮೇಲೆ ಕೂರಿಸಿದರು. ಒಳಗೆ ನೀರು ಬಿಟ್ಟರೆ ಬೆಸುಗೆ ಸೋರುವುದೋ ಇಲ್ಲವೋ ಹೊರಗಿನಿಂದ ಗೊತ್ತಾಗುತ್ತದೆ. ಅವರೇ ನಲ್ಲಿ ತಿರುಗಿಸಿ, ಪೈಪು ಹಿಡಿದು ಬಗ್ಗಿ ನೋಡಿದರು. ಬೆಸುಗೆ ಒಣಗಿತ್ತು. ಒಂದು ಹನಿಯೂ ಇಲ್ಲ.

ಕಾಲು ತಣ್ಣಗಾಯಿತು. ಪೈಪು ನೆಲದಲ್ಲಿತ್ತು. ಚಪ್ಪಲಿ ತೊಯ್ದಿತ್ತು, ಅಂಗಳವೆಲ್ಲ ಕೆಸರಾಗಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿ ನಲ್ಲಿಯ ಬಳಿ ನಿಂತಿದ್ದಳು. ಬಾಮೈದ ಹಿಂದಿನಿಂದ ಅವರನ್ನು ಎರಡೂ ತೋಳಲ್ಲಿ ಅವುಚಿ ಹಿಡಿದಿದ್ದ.

"ಬಿಡೋ. ಏನಿದು ತಬ್ಬಿಕೊಳ್ಳೋದು?"

"ಜಾರ್ತಿದ್ರಿ ಭಾವ."

"ಕಾಲಡಿ ನೀರು ಹರಿಸಿದ್ರೆ ಯಾರಾದ್ರೂ ಜಾರ್ತಾರೆ. ಒಂದು ಪೈಪು ನೋಡಿಕೊಳ್ಳೋಕೂ ಬರಲ್ಲ ನಿನಗೆ."

"ತಪ್ಪಾಯ್ತು ಭಾವ."

ಇವನ ತಪ್ಪಾಯ್ತು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಆದರೂ ಬೆಸುಗೆಯ ಮೇಲೆ ಕೈಯಾಡಿಸಿದಾಗ ಮನಸ್ಸು ಹಗುರಾಯಿತು. ಇನ್ನು ಇದನ್ನು ಒಡೆಯಲು ಇವನಪ್ಪನಿಂದಲೂ ಆಗದು.

"ನಾಳೆ ಹೊರಡ್ತೀನಿ," ಎಂದರು.

"ನಾನೂ ಬರ್ಲಾ ಭಾವ?"

"ಒಬ್ಬನೇ." ಸರ್ವೇಯರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನಡೆದರು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಶುರುವಾಯಿತು.

ಅಂಗಳದಲ್ಲಿ ಅಕ್ಕ ದನಿ ತಗ್ಗಿಸಿ ಕೇಳಿದಳು. "ಈಗ ಎಷ್ಟು ಹೊತ್ತು ಹಾಗೆ ನಿಂತಿದ್ರು?"

"ಅಂಗಳ ತೊಯ್ಯೋವಷ್ಟು ಹೊತ್ತು. ಕೂಗಿದೆ ಅಕ್ಕ, ಕೇಳಿಸಲೇ ಇಲ್ಲ. ಕಣ್ಣು ಮಾತ್ರ ತೆರೆದೇ ಇತ್ತು. ಬೆಳಗ್ಗೆಯಿಂದ ಇದು ಮೂರನೇ ಸಲ."

ಅಕ್ಕ ನೆಲದಲ್ಲಿದ್ದ ಡ್ರಿಲ್ ಎತ್ತಿ ತಮ್ಮನ ಕೈಗೆ ಕೊಟ್ಟಳು. "ಮೂತಿ ಕಡೆ ಕೊರಿ. ಮತ್ತೆ ಬಂಡೆ ಅನ್ಬೇಡ, ಈ ಸಲ ಬೇರೆ ಏನಾದ್ರೂ ಹೇಳು."