ಗಂಜಿ ಹಚ್ಚಿದ ನೂಲು

ಗಂಜಿ ಹಾಕಿದ ಹೊಸ ಸೀರೆಯ ಮಡಿಕೆ ಬಿಚ್ಚಿದರೆ ಈಗಲೂ ನನಗೆ ಪೆಟ್ರೋಲಿನ ವಾಸನೆ ಬಂದಂತಾಗುತ್ತದೆ.

ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ಅಪ್ಪ ಅವನ್ನು ಹಳೆಯ ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಲಕ್ಷ್ಮೇಶ್ವರದ ಅಂಗಡಿಗಳಿಗೆ ಒಯ್ಯುತ್ತಿದ್ದ. ಒಮ್ಮೆ ಒಂದು ವಾರ ಚೋಕ್ ಎಳೆಯದೆ ಗಾಡಿ ಓಡುತ್ತಿರಲಿಲ್ಲ. ಎಳೆದರೆ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಅಂಗಳದಲ್ಲಿ ಕಾರ್ಬುರೇಟರ್ ಬಿಚ್ಚಿ, ಅದರೊಳಗೆ ಪೆಟ್ರೋಲು ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದ. ಸಣ್ಣ ತೂತಿನಲ್ಲಿ ಕಸ ಕೂತಿತ್ತು, ಊದಿದರೂ ಹೋಗಲಿಲ್ಲ.

“ನಿನ್ನ ಕೈಬಳಿಯಾಗಿನ ಪಿನ್ನು ಕೊಡು, ಚುಚ್ಚಿ ತಗೀತೀನಿ” ಎಂದು ಅವ್ವನನ್ನು ಕರೆದ.

ಅವ್ವ ಮಗ್ಗದಿಂದ ಎದ್ದು ಬಂದಳು, ಪಿನ್ನು ಮಾತ್ರ ಕೊಡಲಿಲ್ಲ. “ಹಿತ್ತಾಳಿ ಮೆತ್ತಗಿರ್ತೈತ್ರಿ. ತೂತು ದೊಡ್ಡದಾತಂದ್ರ ಇದು ಯಾವಾಗ್ಲೂ ಹಿಂಗ ಕುಡೀತೈತಿ. ಇಲ್ಲಿ ಕೊಡ್ರಿ.”

ನೂಲಿನ ಒಂದು ಎಳೆಯ ತುದಿಯನ್ನು ಗಂಜಿಯಲ್ಲಿ ಅದ್ದಿ, ಬೆರಳಿನಲ್ಲಿ ಹೊಸೆದು, ಸೆಟೆಯುವ ತನಕ ಬಿಸಿಲಿಗೆ ಹಿಡಿದಳು. ಆಮೇಲೆ ಮಗ್ಗದ ಹಾಸಿನ ಎಳೆ ಪೋಣಿಸುವಾಗಿನಂತೆಯೇ ಕಣ್ಣು ಕಿರಿದು ಮಾಡಿ ತೂತಿನೊಳಗೆ ತೂರಿಸಿದಳು. ನಾಲ್ಕು ಸಲ ಆಚೆ ಈಚೆ ಎಳೆದಾಗ ಬಿಳಿ ನೂಲಿಗೆ ಕಂದು ಅಂಟು ಹತ್ತಿ ಬಂತು. ಜೆಟ್ಟನ್ನು ಅಪ್ಪನ ಅಂಗೈಯಲ್ಲಿಟ್ಟು ಮಗ್ಗಕ್ಕೆ ಮರಳಿದಳು.

ಅಪ್ಪ ಎಲ್ಲ ಜೋಡಿಸಿ ಕಿಕ್ ಹೊಡೆದ. ಚೋಕ್ ಬಿಟ್ಟ ಮೇಲೂ ಗಾಡಿ ಬಂದ್ ಆಗಲಿಲ್ಲ. ಸದ್ದು ಕೇಳಿ ಪಕ್ಕದ ಮನೆಯ ಕಾಕಾ ಇಣುಕಿದ.

“ಯಾವ ಗ್ಯಾರೇಜಿನ್ಯಾಗ ಮಾಡಿಸಿದಿಲೇ?”

“ಗ್ಯಾರೇಜಿನ್ಯಾಗ ಅಲ್ಲೋ, ನಮ್ಮ ಮಗ್ಗದಾಗ!” ಎಂದು ಅಪ್ಪ ಇಡೀ ಓಣಿಗೆ ಕೇಳುವಂತೆ ಕೂಗಿದ.

ಒಳಗೆ ಮಗ್ಗದ ಸದ್ದು ಒಂದು ಗಳಿಗೆ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಶುರುವಾಯಿತು.